ಮನೆ ಬಾಗಿಲಿಂದಲೇ ಶುರು ಮಾಡು

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಲ್ಲೇ ಉಳಿದಿದೆ. "ಈ ಊರು ಕೆಲಸ ಕೊಟ್ಟಿತು, ಸ್ನೇಹಿತರನ್ನ ಕೊಟ್ಟಿತು, ನಾನು ಮಾತ್ರ ಊರಿಗೆ ಏನೂ ಮಾಡಿಲ್ಲ. ಭಾನುವಾರನೂ ಪುರುಸೊತ್ತಿಲ್ಲ" ಅಂದೆಯಲ್ಲ. ಹಾಗೆ ಅನ್ನಿಸಿದ್ದೇ ನನಗೆ ಸಂತೋಷ. ಆದರೆ ಅದಕ್ಕೆ ಅಂತ ಒಂದು ದಿನ ಬಿಡುವು ಸಿಗಲಿ ಅಂತ ಕಾಯಬೇಡ ಮಗಳೇ. ದಿನಾ ಹೇಗೂ ಮಾಡುವ ಕೆಲಸದಲ್ಲೇ ಬೇಕಾದಷ್ಟು ಇದೆ.

ಮೊದಲು ನಿನ್ನ ಕಸ ನೋಡು. ಹಸಿರು ಡಬ್ಬಕ್ಕೆ ಅಡುಗೆಮನೆ ಕಸ, ಕೆಂಪು ಡಬ್ಬಕ್ಕೆ ಪ್ಯಾಡು, ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಎರಡು ಡಬ್ಬ, ಒಂದು ಚೀಲ. 2015ರಲ್ಲೇ ಹೈಕೋರ್ಟು ಬೆಂಗಳೂರಿಗೆ ಇದನ್ನ ಕಡ್ಡಾಯ ಮಾಡಿತು. ನಾವು ಬೆರೆಸಿ ಕೊಟ್ಟರೆ ಅದನ್ನ ಇನ್ಯಾರೋ ಕೈ ಹಾಕಿ ಬೇರೆ ಮಾಡಬೇಕು, ಅಲ್ವಾ? ಒಡೆದ ಗಾಜಿದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ 'ಗಾಜು' ಅಂತ ಕನ್ನಡದಲ್ಲಿ ಬರೆದು, ಕಸ ಒಯ್ಯುವವರ ಕೈಗೇ ಕೊಡು. ಪ್ಯಾಡನ್ನ ಪೇಪರಿನಲ್ಲಿ ಸುತ್ತಿ ಕೆಂಪು ಪೆನ್ನಿನಲ್ಲಿ ಗುರುತು ಹಾಕು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನ ಪೂರ್ತಿ ಕತ್ತರಿಸಬೇಡ, ಸ್ವಲ್ಪ ಅಂಟಿಕೊಂಡಿರಲಿ. ಆ ಚೂರು ಕೆಳಗೆ ಬಿದ್ದರೆ ಗುಡಿಸುವಾಗಲೂ ಸಿಗಲ್ಲ, ಮೋರಿಗೇ ಹೋಗುತ್ತೆ. ಪ್ಯಾಕೆಟ್ಟನ್ನ ತೊಳೆದು, ಆರಿಸಿ ಚೀಲಕ್ಕೆ ಹಾಕು. ಹಾಲು ಉಳಿದ ಒಂದು ಪ್ಯಾಕೆಟ್ ಇದ್ದರೆ ಚೀಲವೆಲ್ಲ ನಾರುತ್ತೆ, ವಿಂಗಡಿಸುವವರು ಅದರ ಮುಂದೆಯೇ ಕೂತಿರಬೇಕು.

ಬೆಳಗಾಗುವಷ್ಟರಲ್ಲಿ ನಿನ್ನ ಬೀದಿ ಗುಡಿಸೋಕೆ ಬರುವ ಪೌರಕಾರ್ಮಿಕರ ಹೆಸರು ಕೇಳಿ ತಿಳಿದುಕೋ. ಅವರಿಗೆ ಕುಡಿಯುವ ನೀರಿಗೂ ಕಷ್ಟ, ಶೌಚಾಲಯಕ್ಕೆ ಇನ್ನೂ ಕಷ್ಟ. ನೀರು ಕೊಡುವಾಗ ನೀನು ಕುಡಿಯುವ ಲೋಟದಲ್ಲೇ ಕೊಡು. ಅವರಿಗೆ ಅಂತ ಬೇರೆ ಲೋಟ ಎತ್ತಿಡುವ ಮನೆಗಳು ಇವತ್ತಿಗೂ ಇವೆ. ಅದು ನನಗೆ ಸಹಿಸೋಕೆ ಆಗಲ್ಲ.

ರಕ್ತದಾನದ ಬಗ್ಗೆ ಒಂದು ಮಾತು. ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು, ಗಂಡಸರು 3 ತಿಂಗಳಿಗೊಮ್ಮೆ. ತೂಕ 45 ಕಿಲೋ ದಾಟಿರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ನಿನ್ನದು ಕಡಿಮೆ ಇದ್ದರೆ ಮೊದಲು ಸೊಪ್ಪು, ಕಾಳು ತಿಂದು ಸರಿಮಾಡಿಕೋ, ಡಾಕ್ಟರಿಗೂ ತೋರಿಸು. ಹುಟ್ಟುಹಬ್ಬಕ್ಕೆ ಕೊಡುವವರು ಜಾಸ್ತಿ. ಕಾಲೇಜಿಗೆ ರಜೆ ಬಂದು ಶಿಬಿರಗಳು ನಿಂತುಹೋಗುವ ಏಪ್ರಿಲ್, ಮೇ ತಿಂಗಳಲ್ಲಿ ಕೊಡು. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು. ಅವರಿಗೆ ಬೇಸಿಗೆ ರಜೆ ಇಲ್ಲ.

ಇನ್ನು, ನೀನು ಚಿಕ್ಕವಳಿದ್ದಾಗಿಂದ ಎಷ್ಟು ಚೆನ್ನಾಗಿ ಓದಿ ಹೇಳುತ್ತೀಯ! ಅದನ್ನ ಸುಮ್ನೆ ಬಿಡಬೇಡ. ಕಣ್ಣು ಕಾಣದ ಮಕ್ಕಳು ಕಾಲೇಜು ಓದೋಕೆ ಈ ಊರಿಗೆ ಬರುತ್ತಾರೆ. ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನ ಬರೆಯುವವರು ಬೇಕು. ಕನ್ನಡದಲ್ಲಿ ಬರೆಯುವವರು ಸಿಗುವುದು ಇನ್ನೂ ಕಷ್ಟ. ಕೆಲವು ಪರೀಕ್ಷೆಗಳಿಗೆ ಬರೆಯುವವರ ಓದು ಆ ವಿದ್ಯಾರ್ಥಿಯ ಓದಿಗಿಂತ ಕಡಿಮೆ ಇರಬೇಕು ಅನ್ನುವ ನಿಯಮ ಇದೆ, ಮೊದಲೇ ವಿಚಾರಿಸು. ಬರೆಯೋಕೆ ಆಗದಿದ್ದರೆ ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಸಾಕು. ನಿಧಾನಕ್ಕೆ ಓದು. ಚಿತ್ರ ಬಂದರೆ ಅದರಲ್ಲಿ ಏನಿದೆ ಅಂತ ಬಾಯಲ್ಲಿ ವಿವರಿಸು. ಪುಟದ ಸಂಖ್ಯೆ ಹೇಳುವುದನ್ನ ಮರೆಯಬೇಡ, ತಿರುಗಿ ಕೇಳುವಾಗ ಹುಡುಕೋಕೆ ಅದೇ ಆಧಾರ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ನಿನ್ನ ಜಾಣತನ ಪಕ್ಕಕ್ಕಿಡು. ಅವರು ತಪ್ಪು ಹೇಳಿದರೂ ಅದನ್ನೇ ಬರೆಯಬೇಕು, ಉತ್ತರ ಅವರದು.

ಇದನ್ನೆಲ್ಲ ಒಂದೇ ಸಲ ಹೊತ್ತುಕೊಳ್ಳಬೇಡ. ಒಂದನ್ನ ಹಿಡಿ, ಹಿಡಿದದ್ದನ್ನ ಬಿಡಬೇಡ. ನಡುವೆ ಕೈಬಿಟ್ಟರೆ ನಿನ್ನನ್ನ ನಂಬಿಕೊಂಡ ಹುಡುಗಿ ಪರೀಕ್ಷೆಯ ಹಿಂದಿನ ದಿನ ಬೇರೆಯವರನ್ನ ಹುಡುಕಬೇಕಾಗುತ್ತೆ.

ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತೇವೆ. ಈ ಸಲ ಪೇಪರ್ ಕಪ್ ಬೇಡ, ಸ್ಟೀಲ್ ಲೋಟವೇ ಇಡೋಣ ಅಂತ ಎಲ್ಲರನ್ನೂ ಒಪ್ಪಿಸಿದ್ದೇನೆ. ತೊಳೆಯೋಕೆ ಕೈ ಸಾಲದು. ನಿನ್ನ ಸ್ನೇಹಿತರನ್ನೂ ಕರೆದುಕೊಂಡು ಬೆಳಗ್ಗೆಯೇ ಬಾ, ಊಟ ಇಲ್ಲೇ ಆಗಲಿ.

ಇಂತಿ,
ನಿನ್ನ ದೊಡ್ಡಮ್ಮ