ಲೆಕ್ಕ ಇಟ್ಟುಕೊಂಡವರಿಗೆ

ಕಳೆದ ತಿಂಗಳ ಕೊನೆಯ ದಿನ ನಾನು ಸರ್ಕಾರಿ ಸೇವೆಯಿಂದ ನಿವೃತ್ತಳಾದೆ. ಅದಕ್ಕೆ ಕೆಲವೇ ವಾರಗಳ ಮೊದಲು, ನನ್ನ ಸೇವೆಯ ಕೊನೆಯ ಒಂಬತ್ತು ವರ್ಷಗಳನ್ನು ಆವರಿಸಿಕೊಂಡಿದ್ದ ವಿದ್ಯಾರ್ಥಿವೇತನ ವಂಚನೆಯ ಪ್ರಕರಣದಲ್ಲಿ ಆರೋಪಿಗಳ ಕೊನೆಯ ಮೇಲ್ಮನವಿಯೂ ವಜಾ ಆಗಿ, ಅವರ ಅಪರಾಧವನ್ನು ಎತ್ತಿಹಿಡಿದಿದ್ದ ತೀರ್ಪು ಊರ್ಜಿತವಾಯಿತು. ಬೀಳ್ಕೊಡುಗೆಯ ಸಭೆಯಲ್ಲಿ ಸಹೋದ್ಯೋಗಿಗಳು ಪ್ರೀತಿಯಿಂದ ಬಹಳ ಒಳ್ಳೆಯ ಮಾತುಗಳನ್ನಾಡಿದರು. ಆದರೆ ಆ ಮಾತುಗಳು ನಿಜವಾಗಿ ಸಲ್ಲಬೇಕಾಗಿದ್ದವರಲ್ಲಿ ಹೆಚ್ಚಿನವರು ಆ ಸಭೆಗೆ ಬರುವಂತಿರಲಿಲ್ಲ. ಕೆಲವರು ಸಾಕ್ಷಿಗಳು, ಕೆಲವರು ಇಂದಿಗೂ ಅದೇ ಜನರ ನಡುವೆ ಬದುಕುತ್ತಿರುವವರು, ಒಬ್ಬರಂತೂ ಯಾರೆಂದು ನನಗೇ ಗೊತ್ತಿಲ್ಲ. ಹೆಸರುಗಳನ್ನು ಬರೆಯದೆ, ಅವರು ಮಾಡಿದ್ದನ್ನಷ್ಟೇ ಬರೆದು ಅವರಿಗೆ ಬಹಿರಂಗವಾಗಿ ಕೈಮುಗಿಯಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸದ ಸ್ವರೂಪ ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲ. ಬಡ ಮಕ್ಕಳ ಓದಿಗೆಂದು ಸರ್ಕಾರ ಕೊಡುವ ವಿದ್ಯಾರ್ಥಿವೇತನ, ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗಳಿಗೆ ಬಿಡುಗಡೆಯಾಗುವ ಅನುದಾನ, ತರಬೇತಿ ಸಂಸ್ಥೆಗಳಿಗೆ ಮರುಪಾವತಿಯಾಗುವ ಶುಲ್ಕ, ಪುಸ್ತಕ ಮತ್ತು ಕಂಪ್ಯೂಟರುಗಳ ಖರೀದಿ, ಇವುಗಳಲ್ಲಿ ನಡೆಯುವ ಮೋಸವನ್ನು ಪತ್ತೆಹಚ್ಚಿ, ನ್ಯಾಯಾಲಯದಲ್ಲಿ ನಿಲ್ಲುವಂಥ ಸಾಕ್ಷ್ಯವನ್ನು ಒದಗಿಸುವುದು ನನ್ನ ಹೊಣೆಯಾಗಿತ್ತು. ಬೀಗ ಒಡೆದು ಮಾಡಿದ ಕಳ್ಳತನದಲ್ಲಿ ಒಡೆದ ಬೀಗವಾದರೂ ಕಣ್ಣಿಗೆ ಬೀಳುತ್ತದೆ. ಇಲ್ಲಿ ಎಲ್ಲ ಕಾಗದಗಳೂ ಅಚ್ಚುಕಟ್ಟಾಗಿರುತ್ತವೆ. ಅರ್ಜಿಯಿರುತ್ತದೆ, ಸಹಿಯಿರುತ್ತದೆ, ಮೊಹರು ಇರುತ್ತದೆ, ಹಣ ಬಳಕೆಯಾಯಿತೆಂಬ ಪ್ರಮಾಣಪತ್ರವೂ ಇರುತ್ತದೆ. ಇಲ್ಲದಿರುವುದು ಮಗು ಮಾತ್ರ. ಹಣ ನಿಯಮದಂತೆ ಖರ್ಚಾಗಿದೆಯೇ ಎಂದು ನೋಡಿ ಆಕ್ಷೇಪಣೆ ಬರೆಯುವುದು ಲೆಕ್ಕಪರಿಶೋಧಕರ ಕೆಲಸ. ಆ ತಪ್ಪು ಕಣ್ತಪ್ಪಿನಿಂದ ಆದದ್ದೋ ಬೇಕೆಂದೇ ಮಾಡಿದ್ದೋ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು ತನಿಖಾಧಿಕಾರಿಯ ಪಾಲಿಗೆ ಬರುತ್ತದೆ, ಮತ್ತು ಕಷ್ಟವೆಲ್ಲ ಇರುವುದು ಅಲ್ಲಿಯೇ.

ಮೊದಲ ಕೃತಜ್ಞತೆ ಒಬ್ಬ ಯುವತಿಗೆ. ಕಾಲೇಜಿಗೆ ಸೇರಿದ ಮೇಲೆ ಆಕೆ ನೆರವಿಗಾಗಿ ಅರ್ಜಿ ಹಾಕಿದಾಗ, ಇದೇ ಹಂತದ ಶಿಕ್ಷಣಕ್ಕೆ ಎರಡು ವರ್ಷಗಳ ನೆರವನ್ನು ಈಗಾಗಲೇ ಪಡೆದಿರುವುದರಿಂದ ಅರ್ಹತೆ ಇಲ್ಲ ಎಂಬ ಉತ್ತರ ಬಂದಿತ್ತು. ಆಕೆ ಅದುವರೆಗೆ ಒಂದು ಪೈಸೆಯನ್ನೂ ಪಡೆದಿರಲಿಲ್ಲ. ಶಾಲೆ ಮುಗಿದ ವರ್ಷ ಯಾರೋ ಉಚಿತ ತರಬೇತಿ ಕೊಡಿಸುವುದಾಗಿ ಹೇಳಿ ಗುರುತಿನ ದಾಖಲೆಗಳ ನಕಲು ಮತ್ತು ಭಾವಚಿತ್ರ ತೆಗೆದುಕೊಂಡು ಹೋಗಿದ್ದರು, ಅಷ್ಟೇ. ಆ ದಾಖಲೆಗಳಿಂದ ಆಕೆಯ ಹೆಸರಿನಲ್ಲಿ ಒಂದು ಸಂಸ್ಥೆಯಲ್ಲಿ ದಾಖಲಾತಿ ನಡೆದಿತ್ತು, ಬ್ಯಾಂಕ್ ಖಾತೆ ತೆರೆದಿತ್ತು, ಹಣ ಬಂದಿತ್ತು, ಬಂದ ದಿನವೇ ಹೊರಟುಹೋಗಿತ್ತು. ನಮ್ಮ ಕಚೇರಿಗೆ ಬಂದು ಕುಳಿತಾಗ ಆಕೆ ಕೇಳಿದ ಮೊದಲ ಪ್ರಶ್ನೆ, "ನಾನು ಏನು ತಪ್ಪು ಮಾಡಿದೆ ಮೇಡಂ?" ಎಂಬುದು. ಸರ್ಕಾರದ ಪತ್ರ ತನ್ನನ್ನೇ ಸುಳ್ಳುಗಾರ್ತಿ ಎನ್ನುತ್ತಿದೆ ಎಂದು ಆಕೆ ಭಾವಿಸಿದ್ದಳು. ಈ ಬಗೆಯ ವಂಚನೆಯನ್ನು ಬೊಕ್ಕಸಕ್ಕೆ ಆದ ನಷ್ಟ ಎಂದು ಮಾತ್ರ ವರದಿಗಳಲ್ಲಿ ಬರೆಯುತ್ತೇವೆ. ಆ ದಿನ ನನ್ನ ಎದುರಿಗೆ ಕುಳಿತಿದ್ದ ನಷ್ಟಕ್ಕೆ ವರದಿಯ ಯಾವ ಕಲಮಿನಲ್ಲಿಯೂ ಜಾಗವಿರಲಿಲ್ಲ. ಆಕೆ ಮೂರು ಬಾರಿ ಹೇಳಿಕೆ ಕೊಟ್ಟಳು, ತನ್ನ ನಿಜವಾದ ಸಹಿಯ ಮಾದರಿಗಳನ್ನು ಹಾಳೆಗಟ್ಟಲೆ ಬರೆದುಕೊಟ್ಟಳು, ವರ್ಷಗಳ ನಂತರ ಕೆಲಸಕ್ಕೆ ರಜೆ ಹಾಕಿ ಬಂದು ಎರಡು ದಿನ ಪಾಟೀ ಸವಾಲನ್ನು ಎದುರಿಸಿದಳು. ಹಣದಲ್ಲಿ ನಿನಗೂ ಪಾಲಿತ್ತಲ್ಲವೇ ಎಂದು ಪ್ರತಿವಾದಿಗಳ ವಕೀಲರು ಮತ್ತೆ ಮತ್ತೆ ಕೇಳಿದಾಗಲೂ ಆಕೆಯ ಉತ್ತರದ ಒಂದು ಪದವೂ ಬದಲಾಗಲಿಲ್ಲ. ಅವಳ ಅರ್ಹತೆಯನ್ನು ಮರಳಿ ಕೊಡಿಸಲು ನಾವು ಬರೆದ ಪತ್ರಕ್ಕೆ ಒಪ್ಪಿಗೆ ಬರುವ ಹೊತ್ತಿಗೆ ಆಕೆ ಸಾಲ ಮಾಡಿ ಓದು ಮುಗಿಸಿಯಾಗಿತ್ತು. ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಆದರೆ ಆಕೆ ಬರುವುದಕ್ಕೂ ಮುಂಚೆಯೇ ಪ್ರಕರಣದ ಬಾಗಿಲು ತೆರೆದದ್ದು ಒಂದು ಮೂಗರ್ಜಿ. ಮೂಗರ್ಜಿಗಳನ್ನು ಓದಿ ಓದಿ ಮನಸ್ಸು ಜಡ್ಡುಗಟ್ಟುವುದುಂಟು, ಏಕೆಂದರೆ ಅವುಗಳಲ್ಲಿ ಅನೇಕವು ಹಗೆತನದಿಂದ ಹುಟ್ಟಿದವು. ಈ ಪತ್ರದಲ್ಲಿ ಯಾರ ಮೇಲೂ ಬೈಗುಳವಿರಲಿಲ್ಲ. ನಾಲ್ಕು ಖಾತೆ ಸಂಖ್ಯೆಗಳು ಮತ್ತು ಅವುಗಳ ಕೆಳಗೆ "ಈ ಖಾತೆಗಳಿಗೆ ನೀಡಿರುವ ದೂರವಾಣಿ ಸಂಖ್ಯೆಯನ್ನು ನೋಡಿ" ಎಂಬ ಒಂದೇ ಸಾಲು ಇದ್ದವು. ನೋಡಿದೆವು. ನಾಲ್ಕೂ ಖಾತೆಗಳಿಗೆ ಒಂದೇ ಸಂಖ್ಯೆ ಇತ್ತು, ಆ ಸಂಖ್ಯೆಯನ್ನು ಹಿಡಿದು ಹೋದಾಗ ಅದೇ ಸಂಖ್ಯೆಯ ಇನ್ನೂ ಬಹಳ ಖಾತೆಗಳು ಸಿಕ್ಕವು. ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಸರಬರಾಜು ಮಾಡುತ್ತಿದ್ದ ಗುತ್ತಿಗೆದಾರರ ಮೋಸವನ್ನು ತಡೆಯಲು ಅಮೆರಿಕ 1863ರಲ್ಲಿ ತಂದ ಸುಳ್ಳು ಬೇಡಿಕೆಗಳ ಕಾಯ್ದೆಯಲ್ಲಿ, ವಂಚನೆಯನ್ನು ತಿಳಿಸಿ ದಾವೆ ಹೂಡುವ ಖಾಸಗಿ ವ್ಯಕ್ತಿಗೆ ವಸೂಲಾದ ಹಣದಲ್ಲಿ ಪಾಲು ಕೊಡುವ ವ್ಯವಸ್ಥೆಯಿದೆ. ಆ ಪತ್ರ ಬರೆದವರಿಗೆ ಅಂಥ ಯಾವ ಪಾಲೂ ಸಿಗಲಿಲ್ಲ. ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು. ಅವರು ಇದನ್ನು ಓದುತ್ತಿದ್ದರೆ ಒಂದು ಮಾತು ತಿಳಿದಿರಲಿ: ಪತ್ರ ಯಾರದೆಂದು ನಾವು ಹುಡುಕಲಿಲ್ಲ, ಹುಡುಕಲು ಹೊರಟವರಿಗೆ ಅದರ ಲಕೋಟೆಯನ್ನು ಕೊಡಲಿಲ್ಲ.

ಖಾತೆಗಳು ನಕಲಿ ಎಂದು ತೋರಿಸಿದರೂ ಪ್ರಕರಣ ನಿಲ್ಲುತ್ತಿರಲಿಲ್ಲ. ವಿದ್ಯಾರ್ಥಿಗಳು ನಿಜಕ್ಕೂ ಬಂದಿದ್ದರು, ಕಲಿತಿದ್ದರು, ಹಣವನ್ನು ಶುಲ್ಕವಾಗಿ ತಾವೇ ಕಟ್ಟಿದ್ದರು ಎಂಬುದು ಸಂಸ್ಥೆಯವರ ವಾದವಾಗಿತ್ತು, ಅದನ್ನು ಬೆಂಬಲಿಸುವ ಹಾಜರಿ ಪುಸ್ತಕಗಳೂ ಇದ್ದವು. ಆ ಪುಸ್ತಕಗಳಲ್ಲಿ ಮಳೆಗಾಲದಲ್ಲಿಯೂ ಯಾರೂ ಗೈರುಹಾಜರಾಗಿರಲಿಲ್ಲ. ಒಂದೇ ಶಾಯಿ, ಒಂದೇ ಕೈ. ಅನುಮಾನಕ್ಕೆ ಅಷ್ಟು ಸಾಕು, ತೀರ್ಪಿಗೆ ಸಾಲದು. ಆಗ ನೆರವಾದವರು ಆ ಸಂಸ್ಥೆಯ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ, ಸಂಬಳದಲ್ಲಿಯೂ ಅಧಿಕಾರದಲ್ಲಿಯೂ ಎಲ್ಲರಿಗಿಂತ ಕೆಳಗಿದ್ದ ಒಬ್ಬ ಸಹಾಯಕರು. ತರಬೇತಿಗೆ ಬಂದವರಿಗೆ ಬೆಳಿಗ್ಗೆ ಉಪಕರಣಗಳನ್ನು ಕೊಟ್ಟು ಸಂಜೆ ಎಣಿಸಿ ವಾಪಸು ಪಡೆಯುವುದು ಅವರ ಕೆಲಸ. ಒಂದು ಉಪಕರಣ ಕಳೆದರೂ ಬೆಲೆಯನ್ನು ಅವರ ಸಂಬಳದಿಂದ ಹಿಡಿಯುತ್ತಿದ್ದರಾದ್ದರಿಂದ, ದಿನವೂ ಎಷ್ಟು ಜನ ತೆಗೆದುಕೊಂಡರು, ಎಷ್ಟು ವಾಪಸು ಬಂತು ಎಂಬುದನ್ನು ಅವರು ತಮ್ಮದೇ ಒಂದು ಸಣ್ಣ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹಾಜರಿ ಪುಸ್ತಕ ಇನ್ನೂರಕ್ಕೂ ಹೆಚ್ಚು ಜನ ಎನ್ನುತ್ತಿದ್ದ ದಿನಗಳಲ್ಲಿ ಅವರ ನೋಟುಪುಸ್ತಕ ಹನ್ನೊಂದು, ಒಂಬತ್ತು, ಹದಿಮೂರು ಎನ್ನುತ್ತಿತ್ತು. ಯಾರಿಗೂ ತೋರಿಸಲೆಂದು ಬರೆದದ್ದಲ್ಲವಾದ್ದರಿಂದಲೇ ಅದಕ್ಕೆ ಅಷ್ಟು ತೂಕ ಬಂತು. ಅದನ್ನು ಸುಟ್ಟುಹಾಕು ಎಂದು ಅವರಿಗೆ ಹೇಳಿದವರಿದ್ದರು. ಅವರು ಸುಡಲಿಲ್ಲ. ಜಪ್ತಿಯ ದಿನ ಅದನ್ನು ನನ್ನ ಕೈಗಿಡುವಾಗ, "ಇದರಲ್ಲಿ ನನ್ನ ಲೆಕ್ಕ ಇದೆ, ಕೆಲಸ ಮುಗಿದ ಮೇಲೆ ವಾಪಸು ಕೊಡಿ ಮೇಡಂ" ಎಂದಷ್ಟೇ ಕೇಳಿದ್ದರು.

ಇಂಥ ಪುಸ್ತಕವನ್ನು ಹುಡುಕಬೇಕೆಂದು ನನಗೆ ಕಲಿಸಿದವರು ಸೇವೆಗೆ ಸೇರಿದ ಹೊಸದರಲ್ಲಿ ತರಬೇತಿ ಕೊಟ್ಟ ಹಿರಿಯ ಅಧಿಕಾರಿ. ಅವರು ಪ್ರತಿ ತಂಡಕ್ಕೂ ಉಗಾಂಡದ ಉದಾಹರಣೆ ಹೇಳುತ್ತಿದ್ದರು. ಅಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಕಳುಹಿಸುತ್ತಿದ್ದ ತಲಾ ಅನುದಾನದ ಹಾದಿಯನ್ನು ಸಮೀಕ್ಷಕರು ಬೆನ್ನುಹತ್ತಿ ನೋಡಿದಾಗ, 1991ರಿಂದ 1995ರ ಅವಧಿಯಲ್ಲಿ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆಗಳನ್ನು ಮುಟ್ಟಿದ್ದುದು ತಿಳಿಯಿತು. ಬಹಳಷ್ಟು ಶಾಲೆಗಳಿಗೆ ಏನೂ ಬಂದಿರಲಿಲ್ಲ. ಹಣ ಬಿಡುಗಡೆಯಾಗಿದೆ ಎಂದು ಮೇಲಿನ ಕಡತಗಳು ಹೇಳುತ್ತಲೇ ಇದ್ದವು. ಮುಂದೆ ಸರ್ಕಾರ, ಯಾವ ಜಿಲ್ಲೆಗೆ ಎಷ್ಟು ಹಣ ಕಳುಹಿಸಲಾಗಿದೆ ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಆರಂಭಿಸಿತು, ಶಾಲೆಗಳ ಮುಂದೆಯೂ ಬರೆದು ಹಾಕಿಸಿತು. ಇತರ ಸುಧಾರಣೆಗಳೂ ಅದೇ ಕಾಲದಲ್ಲಿ ನಡೆದವು. ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಮುಟ್ಟುವ ಪಾಲು ಶೇ. 80ನ್ನು ದಾಟಿತು. ಕಳುಹಿಸಿದವರನ್ನು ಕೇಳುವುದಕ್ಕೆ ಮೊದಲು ಪಡೆಯಬೇಕಾದವರನ್ನು ಕೇಳಿ, ಎಂದು ಹೇಳಿ ಅವರು ಪಾಠ ಮುಗಿಸುತ್ತಿದ್ದರು. ಅವರು ಈಗ ನಮ್ಮೊಂದಿಗಿಲ್ಲ. ಪ್ರತಿ ಪ್ರಕರಣದಲ್ಲಿಯೂ ನಾನು ಕಚೇರಿಗಿಂತ ಮೊದಲು ತರಗತಿಗೆ ಹೋದದ್ದು ಅವರ ಮಾತಿನಿಂದ.

ಹಾಗೆ ಹೋದರೂ ಒಮ್ಮೆ ನಾನು ದೊಡ್ಡ ತಪ್ಪು ಮಾಡಿದೆ, ಮತ್ತು ಅದನ್ನು ಹೇಳದೆ ಈ ಬರಹ ಪ್ರಾಮಾಣಿಕವಾಗದು. ಸೇವೆಯ ಆರನೆಯ ವರ್ಷದಲ್ಲಿ ಒಂದು ಚಿಕ್ಕ ಶಾಲೆಗೆ ಭೇಟಿ ಕೊಟ್ಟಾಗ ದಾಖಲಾತಿ ಪುಸ್ತಕದಲ್ಲಿದ್ದ ಹೆಸರುಗಳಲ್ಲಿ ಮೂರರಲ್ಲಿ ಒಂದು ಪಾಲು ಮಕ್ಕಳು ತರಗತಿಯಲ್ಲಿರಲಿಲ್ಲ. ಅನುದಾನಕ್ಕಾಗಿ ಇಲ್ಲದ ಮಕ್ಕಳ ಹೆಸರು ತೋರಿಸುವುದು ಹಳೆಯ ಉಪಾಯವಾದ್ದರಿಂದ, ಪ್ರಾಥಮಿಕ ವರದಿಯಲ್ಲಿ ಆ ಹೆಸರುಗಳನ್ನು "ನಕಲಿ" ಎಂದು ಷರಾ ಬರೆದೆ. ಶಾಲೆಯ ಅನುದಾನಕ್ಕೆ ತಡೆ ಬಿತ್ತು. ಕೆಲವು ವಾರಗಳ ನಂತರ ಅಲ್ಲಿನ ಮುಖ್ಯೋಪಾಧ್ಯಾಯಿನಿ ಪುಸ್ತಕಗಳ ಗಂಟನ್ನು ಹೊತ್ತು ನಮ್ಮ ಕಚೇರಿಗೆ ಬಂದರು. ಆ ಮಕ್ಕಳು ಸುಗ್ಗಿ ಮುಗಿದ ಮೇಲೆ ಕೂಲಿ ಅರಸಿ ಹೊರಡುವ ಕುಟುಂಬಗಳವರು. ಅವರು ಇಲ್ಲದ ತಿಂಗಳುಗಳಿಗೆ ಹಣ ಕೇಳದೆ ಬಿಟ್ಟದ್ದನ್ನು ಆಕೆ ಬೇರೊಂದು ಪುಸ್ತಕದಲ್ಲಿ ತಿಂಗಳವಾರು ಬರೆದಿಟ್ಟಿದ್ದರು, ನಾನು ಆ ಪುಸ್ತಕವನ್ನು ಕೇಳಿಯೇ ಇರಲಿಲ್ಲ. "ಹೆಸರು ಹೊಡೆದುಹಾಕಿದರೆ, ಮಕ್ಕಳು ತಿರುಗಿ ಬಂದಾಗ ನಿಮಗೆ ಇಲ್ಲಿ ಜಾಗವಿಲ್ಲ ಎಂದು ನಾನು ಹೇಳಬೇಕಾಗುತ್ತದೆ. ಅದು ನನ್ನಿಂದಾಗದು," ಎಂದರು. ಧ್ವನಿ ಎತ್ತರಿಸಲಿಲ್ಲ. ನಾನು ವರದಿಯನ್ನು ತಿದ್ದಿದೆ, ಕ್ಷಮೆ ಕೇಳಿದೆ, ಅನುದಾನವೂ ಮರಳಿತು. ಆದರೆ ಹಣವಿಲ್ಲದೆ ಕಳೆದ ಆ ವಾರಗಳನ್ನು ಮಕ್ಕಳಿಗೆ ಮರಳಿಸಲು ನನ್ನಿಂದಾಗಲಿಲ್ಲ. ಅಂದಿನಿಂದ ಒಂದು ಹೆಸರಿನ ಮುಂದೆ "ನಕಲಿ" ಎಂದು ಬರೆಯುವ ಮೊದಲು ಆ ಮನೆಯ ಬಾಗಿಲಿಗೆ ಹೋಗದೆ ಇರಲಿಲ್ಲ. ಒಂಬತ್ತು ವರ್ಷಗಳ ಈ ಪ್ರಕರಣದಲ್ಲಿ ಪ್ರತಿವಾದಿಗಳು ಒಂದೇ ಒಂದು ಹೆಸರನ್ನೂ "ಇಗೋ, ಇದು ನಿಜವಾದ ವಿದ್ಯಾರ್ಥಿ" ಎಂದು ತೋರಿಸಲಾಗದೆ ಹೋದರಲ್ಲ, ಅದಕ್ಕೆ ಕಾರಣ ಆ ತಾಯಿ. ಅಮ್ಮಾ, ನಿಮ್ಮನ್ನು ನೋಯಿಸಿ ಕಲಿತ ಪಾಠ ಅದು. ನನ್ನ ಕ್ಷಮೆಯಾಚನೆ ಇಂದಿಗೂ ಮುಗಿದಿಲ್ಲ.

ನಮ್ಮ ದತ್ತಾಂಶ ವಿಭಾಗದ ಕಿರಿಯ ಸಹೋದ್ಯೋಗಿಗೂ ಋಣಿ. 1938ರಲ್ಲಿ ಫ್ರಾಂಕ್ ಬೆನ್‌ಫೋರ್ಡ್ ವಿವರಿಸಿದ ಅಂಕಿಗಳ ನಿಯಮದ ಪ್ರಕಾರ, ಸಹಜವಾಗಿ ಹುಟ್ಟುವ ಅನೇಕ ಬಗೆಯ ಲೆಕ್ಕಗಳಲ್ಲಿ ಮೊದಲ ಅಂಕಿ ಒಂದು ಆಗಿರುವುದು ಶೇ. 30ರಷ್ಟು ಬಾರಿ, ಒಂಬತ್ತು ಆಗಿರುವುದು ಶೇ. 5ಕ್ಕಿಂತ ಕಡಿಮೆ. ಸಂಸ್ಥೆಯ ಖರೀದಿ ಬಿಲ್ಲುಗಳಲ್ಲಿ ಒಂಬತ್ತರಿಂದ ಆರಂಭವಾಗುವ ಮೊತ್ತಗಳೇ ತುಂಬಿಕೊಂಡಿದ್ದವು, ಏಕೆಂದರೆ ಮೇಲಧಿಕಾರಿಯ ಮಂಜೂರಾತಿ ಬೇಕಾಗುವ ಮಿತಿಗಿಂತ ಸ್ವಲ್ಪ ಕೆಳಗೆ ಇರುವಂತೆ ಅವನ್ನು ಬರೆಯಲಾಗಿತ್ತು. ಅದನ್ನು ಕಂಡುಹಿಡಿದ ಆ ಹುಡುಗ, ಇದು ಸಾಕ್ಷ್ಯವಲ್ಲ, ಎಲ್ಲಿ ಹುಡುಕಬೇಕು ಎಂಬುದರ ಸೂಚನೆ ಮಾತ್ರ ಎಂದು ಪ್ರತಿ ಪುಟದಲ್ಲಿ ಬರೆದಿದ್ದ. ಆ ಎಚ್ಚರಿಕೆ ನನಗೆ ಅವನ ಜಾಣ್ಮೆಗಿಂತಲೂ ಹೆಚ್ಚು ಇಷ್ಟವಾಯಿತು. ಸಹಿಗಳನ್ನು ಪರೀಕ್ಷಿಸಿದ ಕೈಬರಹ ತಜ್ಞರು, ರಾತ್ರಿಯೆಲ್ಲ ಕುಳಿತು ದೋಷಾರೋಪ ಪಟ್ಟಿಯ ಪುಟಗಳಿಗೆ ಸಂಖ್ಯೆ ಹಾಕಿದ ಗುಮಾಸ್ತರು, ಪ್ರಕರಣದ ನಡುವೆ ಬದಲಾದರೂ ಕಡತವನ್ನು ಅಷ್ಟೇ ಶ್ರದ್ಧೆಯಿಂದ ಓದಿದ ಇಬ್ಬರು ಸರ್ಕಾರಿ ವಕೀಲರು, ಎಲ್ಲರಿಗೂ ನಮಸ್ಕಾರ.

ತನಿಖೆಯ ನಾಲ್ಕನೆಯ ವರ್ಷದಲ್ಲಿ ನನ್ನನ್ನು ಈ ಪ್ರಕರಣದಿಂದ ತೆಗೆದು ಬೇರೆಡೆಗೆ ವರ್ಗಾಯಿಸುವ ಪ್ರಯತ್ನ ನಡೆಯಿತು. ಅಮೆರಿಕದ 1978ರ ಇನ್‌ಸ್ಪೆಕ್ಟರ್ ಜನರಲ್ ಕಾಯ್ದೆಯಲ್ಲಿ, ಇಲಾಖೆಯೊಳಗಿನ ವಂಚನೆಯನ್ನು ಪರಿಶೀಲಿಸುವ ಆ ಹೆಸರಿನ ಅಧಿಕಾರಿಯ ತನಿಖೆಯನ್ನು ಇಲಾಖೆಯ ಮುಖ್ಯಸ್ಥರು ಕೂಡ ಆರಂಭಿಸದಂತೆಯಾಗಲಿ ಮುಗಿಸದಂತೆಯಾಗಲಿ ತಡೆಯುವಂತಿಲ್ಲ ಎಂಬ ಸಾಮಾನ್ಯ ನಿಯಮವನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನನಗೆ ಅಂಥ ಲಿಖಿತ ರಕ್ಷಣೆ ಇರಲಿಲ್ಲ, ಒಬ್ಬ ಮೇಲಧಿಕಾರಿ ಇದ್ದರು. ವರ್ಗಾವಣೆಗೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಅವರು ಕೇಳಿದರು. ಯಾರೂ ಕೊಡಲಿಲ್ಲ. ಆ ವಿಷಯವನ್ನು ಅವರು ನನಗೆ ಹೇಳಿದ್ದು ತಾವು ನಿವೃತ್ತರಾದ ಮೇಲೆ. ಆ ದಿನಗಳಲ್ಲಿ ಮನೆಗೆ ಬರುತ್ತಿದ್ದ ಅನಾಮಿಕ ಕರೆಗಳನ್ನು ಎತ್ತಿಕೊಂಡು, ನನಗೆ ತಿಳಿಯದಂತೆ ನುಂಗಿಕೊಂಡ ನನ್ನ ಪತಿಗೂ, ಹುಟ್ಟುಹಬ್ಬಗಳಿಗೆ ಅಮ್ಮ ಬಾರದಿದ್ದಾಗ ಕೇಕಿನ ಒಂದು ತುಂಡನ್ನು ತೆಗೆದಿಡುತ್ತಿದ್ದ ಮಗಳಿಗೂ ನಾನು ಹೇಳಬೇಕಾದದ್ದನ್ನು ಮನೆಯಲ್ಲಿಯೇ ಹೇಳಿದ್ದೇನೆ.

ಪ್ರಕರಣ ಮುಗಿದ ಮೇಲೆ ಜಪ್ತಿಯಾದ ವಸ್ತುಗಳನ್ನು ಸಂಬಂಧಪಟ್ಟವರಿಗೆ ಹಿಂತಿರುಗಿಸಲು ನ್ಯಾಯಾಲಯ ಅನುಮತಿ ನೀಡಿತು. ನಿವೃತ್ತಿಗೆ ಎರಡು ದಿನ ಮೊದಲು ಆ ನೋಟುಪುಸ್ತಕವನ್ನು ತೆಗೆದುಕೊಂಡು ನಾನೇ ಅವರ ಮನೆಗೆ ಹೋದೆ. ಸಾಕ್ಷ್ಯ ಹೇಳಿದ ಮೇಲೆ ಅವರಿಗೆ ಆ ಕೆಲಸ ಉಳಿದಿರಲಿಲ್ಲ. ಈಗ ಬೇರೊಂದು ಕಡೆ, ಅಂಥದೇ ಉಗ್ರಾಣದಲ್ಲಿದ್ದಾರೆ. ಪುಸ್ತಕದ ಮೇಲೆ ನ್ಯಾಯಾಲಯದ ಗುರುತಿನ ಸಂಖ್ಯೆ, ಮೊಹರು, ಪ್ರತಿ ಪುಟದ ಮೂಲೆಯಲ್ಲಿ ಸಹಿಗಳು ಇದ್ದವು. ಅವರು ಅದನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಒಂದೊಂದೇ ಪುಟವನ್ನು ಮಗುಚುತ್ತಾ ಕೊನೆಯವರೆಗೆ ಎಣಿಸಿದರು. ನಾನು ಕಾಯುತ್ತಾ ಕುಳಿತೆ. ಎಲ್ಲ ಪುಟಗಳೂ ಇವೆ ಎಂದು ಖಾತ್ರಿಯಾದ ಮೇಲೆ, ನಾನು ತಂದಿದ್ದ ರಸೀದಿಯನ್ನು ಪೂರ್ತಿ ಓದಿ, ಅದರ ಕೆಳಗೆ ಸಹಿ ಮಾಡಿ, ದಿನಾಂಕ ಹಾಕಿದರು.