ಕೂಲೆಂಟ್ ಕೆಲಸ ಇನ್ಮ್ಯಾಲ ಒಂದ್ ತಾಸಿನಾಗ ಆಗಂಗಿಲ್ರಿ: ನಮ್ಮ ಗಿರಾಕಿಗಳಿಗೆ ಪತ್ರ

ನಮಸ್ಕಾರ್ರಿ ಎಲ್ಲಾರಿಗೂ,

ಸೀದಾ ವಿಷಯಕ್ಕ ಬರ್ತೀವಿ. ಬರೂ ಸೋಮವಾರದಿಂದ ಕೂಲೆಂಟ್ (ಇಂಜಿನ್ ತಣ್ಣಗಿಡೂ ದ್ರವ) ಚೇಂಜ್ ಮಾಡಸೂದಿದ್ರ ಗಾಡಿ ಹಿಂದಿನ ದಿನ ಸಂಜೀಕ ತಂದು ಬಿಡ್ರಿ, ಮುಂಜಾನೆ ಇಂಜಿನ್ ಪೂರಾ ತಣ್ಣಗಿದ್ದಾಗ ಕೆಲಸ ಹಿಡೀತೀವಿ, ಅದರ ಮರುದಿನ ಮುಂಜಾನೆ ಮತ್ತೊಮ್ಮೆ ಚೆಕ್ ಮಾಡಿ ಕೈಗೆ ಕೊಡ್ತೀವಿ. ಲೇಬರ್ 350 ಇದ್ದದ್ದು 600 ಆಗ್ತೈತಿ. ನವನಗರದಾಗ ಇದಕ್ಕಿಂತ ಕಡಿಮಿಗೆ ಮಾಡಾವ್ರು ಅದಾರ, ಗೊತ್ತೈತಿ ನಮಗ.

ಯಾಕ ಅಂದ್ರ ಒಂದ ಮಾತು ಕೇಳಿ ಕೇಳಿ ಸಾಕಾಗೇತಿ. "ಚಲೋ ಇದ್ದ ಗಾಡಿ ನಿಮ್ಮ ಕಡೆ ಕೂಲೆಂಟ್ ಹಾಕಿಸಿದ ಮ್ಯಾಲ ನಿಂತಲ್ಲೇ ನಡಗಾಕ ಹತ್ತೇತಿ, ಐಡಲಿಂಗ್ (ನಿಂತಾಗ ಇಂಜಿನ್ ತಿರುಗೂ ವೇಗ) ಏರತೈತಿ ಇಳೀತೈತಿ, ಇಂಜಿನ್ ಕೆಡಿಸಿಬಿಟ್ರಿ." ಗದ್ದನಕೇರಿ ಕ್ರಾಸಿನಾಗ ನಿಂತು ಫೋನ್ ಮಾಡಿ ಬೈದಾವ್ರೂ ಅದಾರ. ಇಂಜಿನ್ ಕೆಟ್ಟಿಲ್ರಿ. ಒಳಗ ಗಾಳಿ ಸಿಕ್ಕೊಂಡೈತಿ, ನಾವು ಏರ್ ಲಾಕ್ ಅಂತೀವಿ.

ಹಳೇ ಕೂಲೆಂಟ್ ಇಳಿಸಿದಾಗ ಬ್ಲಾಕಿನಾಗ, ಪೈಪಿನಾಗ, ಡ್ಯಾಶ್‌ಬೋರ್ಡ್ ಹಿಂದ ಹೀಟರಿಗೆ ಬಿಸಿ ಕೊಡೂ ಸಣ್ಣ ರೇಡಿಯೇಟರಿನಾಗ (ಹೀಟರ್ ಕೋರ್) ಗಾಳಿ ತುಂಬತೈತಿ. ಹೊಸಾದು ಗಡಿಬಿಡಿಲೇ ಸುರಿದ್ರ ರೇಡಿಯೇಟರ್ ಬಾಯಿತನಕ ತುಂಬಿದಂಗ ಕಾಣತೈತಿ, ಆದ್ರ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗಷ್ಟ ರೇಡಿಯೇಟರ್ ಹಾದಿ ಬಿಡೂ ವಾಲ್ವ್) ಇನ್ನೂ ಮುಚ್ಚೇ ಇರತೈತಿ, ಅದು ತೆರೆಯೂದು ಸುಮಾರು 82ರಿಂದ 90 ಡಿಗ್ರಿಗೆ, ಅಲ್ಲೀತನಕ ಮ್ಯಾಲಿನ ಗಾಳಿ ಹೊರಗ ಬರಾಕ ಹಾದಿ ಸಿಗೂದಿಲ್ಲ. ಟೆಂಪರೇಚರ್ ಸೆನ್ಸರ್ ಕೂಲೆಂಟಿನಾಗ ಮುಳುಗಿರಬೇಕು. ಅದು ಗಾಳಿಯೊಳಗ ಉಳದ್ರ ಗಾಡಿಯ ಕಂಪ್ಯೂಟರ್‌ಗೆ ತಪ್ಪು ಲೆಕ್ಕ ಹೋಗತೈತಿ, ಇಂಜಿನ್ ತಣ್ಣಗೈತಿ ಅಂತ ತಿಳದು ಪೆಟ್ರೋಲ್ ಹೆಚ್ಚ ಬಿಡತೈತಿ, ಇಂಜಿನ್ ತಿರುಗೂ ವೇಗ ಅಂದ್ರ ಆರ್‌ಪಿಎಂ ಏರಸತೈತಿ, ಅಷ್ಟರಾಗ ಬಿಸಿ ಕೂಲೆಂಟ್ ಬಂದು ಸೆನ್ಸರಿಗೆ ತಾಗಿದ್ರ ಮತ್ತ ಇಳಸತೈತಿ. ಕೆಲವು ಗಾಡಿಗೆ ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡೂ ಭಾಗ) ಒಳಗೂ ಕೂಲೆಂಟ್ ಪೈಪ್ ಹೋಗಿರತೈತಿ, ಹಳೇ ಮಾಡಲ್‌ನಾಗ ಐಡಲಿಂಗ್ ಹೊಂದಿಸೂ ವಾಲ್ವ್ ಆ ಬಿಸಿ ಮ್ಯಾಲೇ ನಡೀತೈತಿ, ಅಲ್ಲಿ ಗಾಳಿ ಹೊಕ್ರ ಮುಗೀತು.

ಹೋದ ತಿಂಗಳು ವಾಪಸ್ ಬಂದ ಒಂದು ಪೆಟ್ರೋಲ್ ಗಾಡಿ ಹೇಳ್ತೀನಿ. ಆರ್‌ಪಿಎಂ ಮುಳ್ಳು 700ರಿಂದ 1200, ಮತ್ತ 700. ಹೀಟರ್ ಫುಲ್ ಬಿಸಿಗೆ ತಿರುವಿದ್ರೂ ತಣ್ಣನ್ನ ಗಾಳಿ, ಡ್ಯಾಶ್‌ಬೋರ್ಡ್ ಹಿಂದ ಗುಳುಗುಳು ಸಪ್ಪಳ. ರಾತ್ರಿ ಹಂಗ ಬಿಟ್ಟು ಮುಂಜಾನೆ ರೇಡಿಯೇಟರ್ ಕ್ಯಾಪ್ ತೆಗೆದ್ರ ಕೂಲೆಂಟ್ ಕಣ್ಣಿಗೇ ಕಾಣಲಿಲ್ಲ. ಮುಂದಿನ ಗಾಲಿ ರ‍್ಯಾಂಪ್ ಮ್ಯಾಲ ಹತ್ತಿಸಿ, ಬಾಯಿಗೆ ಫನಲ್ ಇಟ್ಟು, ಹೀಟರ್ ಬಿಸಿಗಿಟ್ಟು ಚಾಲೂ ಮಾಡಿದ್ವಿ. ಇಪ್ಪತ್ತು ನಿಮಿಷ ಸಣ್ಣ ಸಣ್ಣ ಗುಳ್ಳಿ, ಆಮ್ಯಾಲ ಒಮ್ಮೆ ಬುಳಕ್ ಅಂತ ದೊಡ್ಡದೊಂದು ಬಂದು ಫನಲ್‌ನಾಗಿನ ಕೂಲೆಂಟ್ ಸರ್ರನ ಒಳಗ ಇಳೀತು. ಮುಕ್ಕಾಲು ಲೀಟರ್ ಹಿಡೀತು ನೋಡ್ರಿ. ಫ್ಯಾನ್ ಎರಡ್ ಸಲ ಬಂದು ಬಂದ್ ಆದ ಮ್ಯಾಲ ಮುಳ್ಳು 750ಕ್ಕ ನಿಂತದ್ದು ಅಳ್ಳಾಡಲಿಲ್ಲ. ಒಂದು ಪಾರ್ಟೂ ಬದಲಿಸಿಲ್ಲ.

ಆ ಗಾಡಿ ಮೊದಲ ಸಲ ಗಡಿಬಿಡಿಲೇ ಕೊಟ್ಟಾವ್ರು ನಾವ. ಹೊರಗ ಐದು ಗಾಡಿ ನಿಂತಿದ್ವು, ಗಿರಾಕಿನೂ ಅವಸರ ಮಾಡಿದ್ರು, ಆದ್ರೂ ತಪ್ಪು ನಮ್ದು, ಕ್ಷಮಿಸ್ರಿ. ಇನ್ನೊಂದು ಗಾಡಿಯೊಳಗ ಹೋಸ್ ಬಿಚ್ಚೂವಾಗ ಇಂಜಿನ್ನಿನ ವ್ಯಾಕ್ಯೂಮ್ ಪೈಪ್ ಸಡ್ಲಾಗಿ ಐಡಲಿಂಗ್ ಕೆಟ್ಟಿತ್ತು, ಆ ತಪ್ಪೂ ನಮ್ದ. ಆದ್ರ ಬ್ಯಾಟರಿ ಬಿಚ್ಚಿದ್ದಕ್ಕ ಐಡಲ್ ಸೆಟ್ಟಿಂಗ್ ಮರತು, ಒಂದೆರಡು ದಿನ ಓಡಿಸಿದ ಮ್ಯಾಲ ತಾನ ಸರಿಯಾಗೂ ಗಾಡಿಗೂ ನಮ್ಮನ್ನ ಬೈದ್ರ ಮನಸ್ಸಿಗೆ ಹತ್ತತೈತ್ರಿ.

ಇನ್ನ ರೊಕ್ಕದ ಮಾತು. "ನೀರಿಗೂ ಬಿಲ್ಲಾ?" ಅಂತ ಕೇಳ್ತಾರ. ನಮ್ಮ ಕಡೆ ಬೋರಿನ ನೀರು ಕಾಸಿದ ಪಾತ್ರೆಯ ತಳ ನೋಡೀರಿ, ಬೆಳ್ಳನ್ನ ಹಿಟ್ಟಿನಂಗ ಪದರ ಕಟ್ಟಿರತೈತಿ. ಅದ ಪದರ ರೇಡಿಯೇಟರಿನ ಸಣ್ಣ ನಳಿಗಿಯೊಳಗ ಕಟ್ಟಿದ್ರ ಏಪ್ರಿಲ್ ಬಿಸಲಾಗ ಗಾಡಿ ಏನಾಗಬೇಕು? ಅದಕ್ಕ ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರಸ್ತೀವಿ, ಕ್ಯಾನ್ ನಿಮ್ಮ ಮುಂದ ಒಡೀತೀವಿ. ತೆಗೆದ ಹಳೇ ಕೂಲೆಂಟ್ ಗಟಾರಕ್ಕ ಬಿಡೂದಿಲ್ಲ, ಅದು ಸಿಹಿ ಇರತೈತಿ, ನಾಯಿ ನೆಕ್ಕಿದ್ರ ಸಾಯ್ತಾವು, ಕ್ಯಾನಿನಾಗ ತುಂಬಿ ಇಡ್ತೀವಿ. ಮತ್ತ ಒಬ್ಬ ಹುಡುಗ ಒಂದೂವರಿ ತಾಸು ಒಂದ ಗಾಡಿ ಮುಂದ ಗುಳ್ಳಿ ನೋಡಕೋತ ನಿಂದರಬೇಕಾಗತೈತಿ, ಅವನ ಪಗಾರಾನೂ ನಾವ ಕೊಡಬೇಕಲ್ರಿ. 250 ಹೆಚ್ಚಾಗಿದ್ದು ಅದಕ್ಕ, ನಮ್ಮ ಕಿಸೆಕ್ಕ ಅಲ್ಲ.

ಒಂದು ಕೈಮುಗದು ಕೇಳ್ತೀವಿ. ಗುಳ್ಳಿ ತೆಗೀಬೇಕಂತ ಬಿಸಿ ಇಂಜಿನ್ ಮ್ಯಾಲ ಕ್ಯಾಪ್ ತಿರುವಬ್ಯಾಡ್ರಿ. ಒಳಗ ಪ್ರೆಶರ್ ಇರೂದ್ರಿಂದ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯೂದಿಲ್ಲ, ತೆರೆದ ಕೂಡಲೇ ಮಾರಿಗೆ ಸಿಡೀತೈತಿ.

ಈ ವರ್ಷ ನಮ್ಮಲ್ಲಿ ಕೂಲೆಂಟ್ ಹಾಕಿಸಿದ ಗಾಡಿ ಯಾರದರ ಐಡಲ್ ಏರಿಳಿತ ಆಗಾಕತ್ತಿದ್ರ ತರ್ರಿ, ಬಿಲ್ ಇರಲಿಕ್ರೂ ನಡೀತೈತಿ, ಗಾಳಿ ತೆಗೆದು ಕೊಡ್ತೀವಿ, ಒಂದ್ ರೂಪಾಯಿ ಕೊಡಬ್ಯಾಡ್ರಿ. ಗಾಳಿ ತೆಗೆದ ಮ್ಯಾಲೂ ಗುಳ್ಳಿ ನಿಲ್ಲಲಿಲ್ಲ, ದಿನಾ ಲೆವೆಲ್ ಇಳೀತೈತಿ, ಸೈಲೆನ್ಸರಿನಾಗ ಬಿಳಿ ಹೊಗಿ ಐತಿ ಅಂದ್ರ ಅದು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿರಬಹುದು, ಟೆಸ್ಟ್ ನಿಮ್ಮ ಮುಂದ ಮಾಡಿ ತೋರಸ್ತೀವಿ. ಸಂಜೀಕ ಏಳರತನಕ ಗ್ಯಾರೇಜ್ ತೆರೆದಿರತೈತಿ, ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ರಿ.

ನಿಮ್ಮ ಗ್ಯಾರೇಜಿನಾವ್ರು,
ನವನಗರ, ಬಾಗಲಕೋಟೆ