ದನಿ ನಡುಗಿತು ಅಂತ ವೋಟ್ ಹಾಕಬೇಡ

ಪ್ರೀತಿಯ ಕಂದಾ,

ಶನಿವಾರದ ಅಮಂಗ್ ಅಸ್ ಆಟ ಮುಗಿದ ಮೇಲೆ ಫೋನ್ ಮಾಡೋಣ ಅಂದುಕೊಂಡಿದ್ದೆ. ಫೋನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸಾವಧಾನವಾಗಿ ಓದು.

ಆಟ ನಿನಗೆ ಗೊತ್ತೇ ಇದೆ. ಹಡಗಿನಲ್ಲಿ ಟಾಸ್ಕ್ ಮಾಡುವವರು ಕ್ರೂಮೇಟ್‌ಗಳು, ಅವರ ನಡುವೆ ಅಡಗಿದ್ದು ಕೊಲ್ಲುವವರು ಇಂಪೋಸ್ಟರ್‌ಗಳು. ಅವರನ್ನು ಮೀಟಿಂಗ್‌ನಲ್ಲಿ ಗುರುತಿಸಿ ವೋಟ್ ಹಾಕಿ ಹೊರಗೆ ಕಳಿಸಬೇಕು. ಅವತ್ತು ಆ ಮೂರನೇ ರೌಂಡ್‌ನಲ್ಲಿ ನಾನು ಮೊದಲೇ ಸತ್ತಿದ್ದೆ. ಮೈಕ್ ಮ್ಯೂಟ್ ಮಾಡಿ, ದೆವ್ವವಾಗಿ ಹಡಗೆಲ್ಲ ಸುತ್ತುತ್ತಿದ್ದೆ. ಸತ್ತವರಿಗೆ ಎಲ್ಲ ಕಾಣುತ್ತದೆ, ಆದರೆ ಒಂದು ಮಾತೂ ಆಡುವ ಹಾಗಿಲ್ಲ. ಹಾಗಾಗಿ ನಡೆದದ್ದನ್ನು ನಿನಗಿಂತ ಚೆನ್ನಾಗಿ ನಾನು ನೋಡಿದ್ದೇನೆ.

ನಿನ್ನ ಚಿಕ್ಕಪ್ಪನ ಮಗಳು ಹೆಣ ನೋಡಿ ರಿಪೋರ್ಟ್ ಬಟನ್ ಒತ್ತಿದಳು. ಮೀಟಿಂಗ್ ಶುರುವಾಯಿತು. "ಎಲ್ಲಿ?" ಅಂತ ನೀನು ಕೇಳಿದೆ. "ಎಲೆಕ್ಟ್ರಿಕಲ್... ಅಲ್ಲ, ಸ್ಟೋರೇಜ್ ಹತ್ರ" ಅಂದಳು. ದನಿ ನಡುಗಿತು. "ನೋಡಿ, ತಡವರಿಸ್ತಿದ್ದಾಳೆ! ಇವಳೇ ಇಂಪೋಸ್ಟರ್!" ಅಂತ ನೀನು ಕೂಗಿದೆ. ಉಳಿದಿದ್ದ ಎಂಟು ಜನರಲ್ಲಿ ಐದು ವೋಟ್ ಅವಳ ಮೇಲೆ ಬಿತ್ತು. ಆಮೇಲೆ ಸ್ಕ್ರೀನ್ ಮೇಲೆ ಬಂತಲ್ಲ, ಅವಳು ಇಂಪೋಸ್ಟರ್ ಅಲ್ಲ ಅಂತ.

ಆ ಮ್ಯಾಪನ್ನು ಒಂದು ಸಲ ಕಣ್ಣ ಮುಂದೆ ತಂದುಕೋ. ಎಲೆಕ್ಟ್ರಿಕಲ್‌ನ ಬಾಗಿಲು ತೆರೆಯುವುದೇ ಸ್ಟೋರೇಜ್ ಕಡೆ ಹೋಗುವ ಓಣಿಗೆ. ಹೆಣ ಬಿದ್ದಿದ್ದು ಆ ಓಣಿಯಲ್ಲಿ. ಅವಳು ಹೇಳಿದ ಎರಡೂ ಮಾತು ಸರಿಯೇ. ಸುಳ್ಳು ಹೇಳುವವರು ಜಾಗದ ಹೆಸರನ್ನು ಮೊದಲೇ ಹೊಂದಿಸಿ ಇಟ್ಟುಕೊಂಡಿರುತ್ತಾರೆ. ಅವಳು ಆಗಷ್ಟೇ ನೋಡಿ ಬಂದವಳು, ಹೆಸರು ಹುಡುಕುತ್ತಿದ್ದಳು. ಅಷ್ಟೇ.

ಅದೇ ಮೀಟಿಂಗ್‌ನಲ್ಲಿ ನಿನ್ನ ಮಾವ ಏನಂದರು, ನೆನಪಿದೆಯಾ? "ನಾನು ಅಡ್ಮಿನ್‌ನಲ್ಲಿ ಕಾರ್ಡ್ ಸ್ವೈಪ್ ಮಾಡ್ತಿದ್ದೆ" ಅಂದರು. ನೆಮ್ಮದಿಯಾಗಿ, ಒಂಚೂರೂ ತಡವರಿಸದೆ. ಕಾರ್ಡ್ ಸ್ವೈಪ್ ಕಾಮನ್ ಟಾಸ್ಕ್ ಕಣೋ. ಒಬ್ಬ ಕ್ರೂಮೇಟ್‌ಗೆ ಬಂದರೆ ಎಲ್ಲ ಕ್ರೂಮೇಟ್‌ಗಳಿಗೂ ಬರುತ್ತದೆ. ಆ ರೌಂಡ್‌ನಲ್ಲಿ ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ನಿನ್ನ ಪಟ್ಟಿಯಲ್ಲೂ ಇದ್ದಿರಲಾರದು. ಅಂದರೆ ಮಾವ ಸಿಕ್ಕಿಬಿದ್ದಿದ್ದರು, ಎಲ್ಲರ ಎದುರಿಗೇ. ಆದರೆ ನೀನು ಹುಡುಗಿಯ ದನಿ ಕೇಳುತ್ತಾ ಕೂತಿದ್ದೆ.

ಅವಳ ಮೇಲೆ ಬಿದ್ದ ಐದು ವೋಟಿನಲ್ಲಿ ಎರಡು ಇಂಪೋಸ್ಟರ್‌ಗಳದ್ದೇ. ಅವರು ಏನೂ ಕಷ್ಟಪಡಬೇಕಾಗಲಿಲ್ಲ. ಅವರು ಮಾಡಬೇಕಾದ ಕೆಲಸವನ್ನು ನೀನೇ ಮಾಡಿಕೊಟ್ಟೆ.

ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಿನ್ನ ಬುದ್ಧಿ ಚುರುಕು, ದನಿ ಗಟ್ಟಿ. ನೀನು ಹೇಳಿದರೆ ಉಳಿದವರು ಕೇಳುತ್ತಾರೆ. ಅದಕ್ಕೇ ನೀನು ಬೇರೆಯವರಿಗಿಂತ ಜಾಸ್ತಿ ಎಚ್ಚರದಿಂದ ಇರಬೇಕು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಈ ಆಟದಲ್ಲಿ ಆ ಗಾದೆಯನ್ನು ನಂಬಬೇಡ. ಹತ್ತು ಜನ ಒಟ್ಟಿಗೆ ನಿನ್ನನ್ನೇ ನೋಡುತ್ತಾ "ನೀನೇ ಕಳ್ಳ" ಅಂದರೆ, ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ. ಆಟ ಹೊಸದಾಗಿ ಕಲಿತವರು, ಮಾತು ಕಡಿಮೆ ಇರುವವರು ಮೊದಲು ಮುಟ್ಟಿಕೊಳ್ಳುತ್ತಾರೆ. ಮುಖ, ದನಿ ನೋಡಿ ಸುಳ್ಳು ಹಿಡಿಯುವುದರಲ್ಲಿ ನಾವೆಲ್ಲ ಎಷ್ಟು ಕಚ್ಚಾ ಅನ್ನುವುದನ್ನು ಮನಶ್ಶಾಸ್ತ್ರದವರು ಅಳೆದೂ ನೋಡಿದ್ದಾರೆ. ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವರದಿ 2006ರಲ್ಲಿ ಬಂತು. ನಿಜ ಯಾವುದು, ಸುಳ್ಳು ಯಾವುದು ಅಂತ ಜನ ಸರಿಯಾಗಿ ಹೇಳಿದ್ದು ನೂರಕ್ಕೆ ಸುಮಾರು 54 ಸಲ. ಸುಮ್ನೆ ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ, ಅಲ್ವಾ? ನಿನ್ನದು ಅದಕ್ಕಿಂತ ಬಹಳ ಮೇಲೆ ಅಂತ ಅಂದುಕೊಳ್ಳಬೇಡ.

ಹಾಗಾದರೆ ಏನು ನೋಡಬೇಕು? ನಾನು ಹೇಳಬೇಕೆಂದಿರುವುದು ಇದೊಂದೇ. ಅವರಿಗೆ ಏನು ಗೊತ್ತು ಅಂತ ನೋಡು.

ಈ ಥರದ ಆಟಗಳ ತಾಯಿ ಮಾಫಿಯಾ. 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ದಿಮಿತ್ರಿ ದವಿದೋವ್ ಅದನ್ನು ಶುರುಮಾಡಿದರು. 1997ರಲ್ಲಿ ಆಂಡ್ರ್ಯೂ ಪ್ಲಾಟ್ಕಿನ್ ಅದಕ್ಕೆ ತೋಳ-ಮನುಷ್ಯರ ವೇಷ ತೊಡಿಸಿದರು. ನಾವು ಆಡುವ ಅಮಂಗ್ ಅಸ್ 2018ರದ್ದು. ವೇಷ ಎಷ್ಟೇ ಬದಲಾದರೂ ಒಳಗಿನ ಮೂಳೆ ಒಂದೇ. ಕೆಲವರಿಗೆ ಎಲ್ಲ ಗೊತ್ತು, ತಮ್ಮ ಜೊತೆ ಯಾರಿದ್ದಾರೆ ಅಂತಲೂ ಗೊತ್ತು. ಹಲವರಿಗೆ ತಮ್ಮ ವಿಷಯ ಬಿಟ್ಟು ಬೇರೇನೂ ಗೊತ್ತಿಲ್ಲ. ಹಾಗಾಗಿ ಇಂಪೋಸ್ಟರ್‌ಗೆ ಸುಳ್ಳು ಹೇಳುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ನಟಿಸುತ್ತಲೇ ಇರಬೇಕು, ಆಟ ಮುಗಿಯುವ ತನಕ. ಅಲ್ಲೇ ಅವರು ಜಾರುವುದು.

ಗೊತ್ತಿಲ್ಲದವನು ಹುಡುಕುತ್ತಾನೆ. ಪ್ರಶ್ನೆ ಕೇಳುತ್ತಾನೆ, ಉತ್ತರ ಬಂದರೆ ಅದನ್ನು ಹಿಡಿದು ಮುಂದಕ್ಕೆ ಹೋಗುತ್ತಾನೆ. "ನಾನು ತಪ್ಪು ತಿಳಿದಿದ್ದೆ" ಅಂತ ಮನಸ್ಸು ಬದಲಿಸುತ್ತಾನೆ. ಗೊತ್ತಿರುವವನೂ ಪ್ರಶ್ನೆ ಕೇಳುತ್ತಾನೆ, ಆದರೆ ಅವನಿಗೆ ಉತ್ತರ ಬೇಕಿಲ್ಲ. ಮುಂದಿನ ಸಲ ಗಮನಿಸು. "ನೀನೆಲ್ಲಿದ್ದೆ?" ಅಂತ ಕೇಳಿ, ಉತ್ತರ ಬಂದಾಗ ಬೇರೆ ಮಾತಿಗೆ ಹೋಗುವವರು ಯಾರು? ಉತ್ತರವನ್ನು ಹಿಡಿದು "ಹಾಗಾದ್ರೆ ನಿನಗೆ ನೇವಿಗೇಷನ್‌ನಲ್ಲಿ ಯಾರು ಸಿಕ್ಕಿದ್ರು?" ಅಂತ ಇನ್ನೊಂದು ಕೇಳುವವರು ಯಾರು? ಆ ಎರಡನೇ ಪ್ರಶ್ನೆ ನನಗೆ ತುಂಬಾ ಮುಖ್ಯ. ನಟಿಸುವವರು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಲ್ಲಿಸುತ್ತಾರೆ.

ಇನ್ನೊಂದು ಜಾರು. "ಪಾಪ, ಅವನಂತೂ ಅಲ್ಲ ಬಿಡಿ" ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ಅಲ್ಲೇ ನಿಲ್ಲು. ಅವರಿಗೆ ಹೇಗೆ ಗೊತ್ತು? ಅವನು ಮೆಡ್‌ಬೇಯಲ್ಲಿ ಸ್ಕ್ಯಾನ್ ಮಾಡಿದ್ದನ್ನು ಕಣ್ಣಾರೆ ನೋಡಿದ್ದರೆ ಸರಿ, ಇಂಪೋಸ್ಟರ್‌ಗೆ ಆ ಸ್ಕ್ಯಾನ್ ಬರುವುದಿಲ್ಲ. ಕಾರಣವೇ ಇಲ್ಲದೆ ಅಷ್ಟು ಖಚಿತವಾಗಿ ಹೇಳಬಲ್ಲವರು ಕಳ್ಳರು ಮಾತ್ರ. ಯಾರು ಅಮಾಯಕರು ಅಂತ ಅವರಿಗೆ ಮೊದಲಿನಿಂದಲೂ ಗೊತ್ತಲ್ಲ.

ಮೀಟಿಂಗ್ ಶುರುವಾದ ಕೂಡಲೇ "ಹೆಣ ಎಲ್ಲಿತ್ತು" ಅಂತ ಕೇಳುವ ಅಭ್ಯಾಸ ಬಿಡು. ನಾವೆಲ್ಲ ಅದನ್ನೇ ಮಾಡುತ್ತೇವೆ, ಅದು ದೊಡ್ಡ ತಪ್ಪು. ಜಾಗ ಬಾಯಿಂದ ಬಿದ್ದ ಮರುಕ್ಷಣ ಕಳ್ಳ ಹಡಗಿನ ಇನ್ನೊಂದು ತುದಿಗೆ ಹೋಗಿಬಿಡುತ್ತಾನೆ. ಹೆಣ ಸಿಕ್ಕವರು ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರಲಿ. ಮೊದಲು ಎಲ್ಲರೂ ತಾವೆಲ್ಲಿದ್ದೆವು, ಜೊತೆಗೆ ಯಾರಿದ್ದರು ಅಂತ ಹೇಳಲಿ. ಆಮೇಲೆ ಜಾಗ ಬಯಲಾಗಲಿ.

ವಾರದ ದಿನಗಳಲ್ಲಿ ನೀವು ಚಾಟ್‌ನಲ್ಲಿ ಆಡುವ ಮಾಫಿಯಾದಲ್ಲಿ ನಿನಗೆ ಇನ್ನೂ ದೊಡ್ಡ ಅನುಕೂಲ ಇದೆ. ಅಲ್ಲಿ ಎಲ್ಲವೂ ಬರಹದಲ್ಲಿ ಉಳಿದಿರುತ್ತದೆ. ಒಬ್ಬರು ಸತ್ತು ಅವರ ರೋಲ್ ಗೊತ್ತಾದ ಮೇಲೆ ಮೊದಲಿನಿಂದ ಇನ್ನೊಂದು ಸಲ ಓದು. ಸತ್ತವನು ಮಾಫಿಯಾ ಆಗಿದ್ದರೆ, ಅವನ ಕುತ್ತಿಗೆಗೆ ಬಂದಾಗ ವೋಟನ್ನು ಬೇರೆ ಕಡೆ ತಿರುಗಿಸಿದವರು ಯಾರು ನೋಡು. ಅಮಾಯಕನಾಗಿದ್ದರೆ, ಕೊನೆಗೆ ಸದ್ದಿಲ್ಲದೆ ಬಂದು ವೋಟ್ ಸೇರಿಸಿದವರು ಯಾರು ನೋಡು. ಮಾತನ್ನು ಆಮೇಲೆ ಹೇಗೆ ಬೇಕಾದರೂ ತಿರುಗಿಸಬಹುದು. ಹಾಕಿದ ವೋಟನ್ನು ಆಗುವುದಿಲ್ಲ.

ಇಬ್ಬರು "ನಾನೇ ಡಿಟೆಕ್ಟಿವ್" (ರಾತ್ರಿ ಒಬ್ಬೊಬ್ಬರ ರೋಲ್ ಪತ್ತೆ ಮಾಡುವವರು) ಅಂದಾಗ ಹೋದ ವಾರ ನೀವೆಲ್ಲ ಗಾಬರಿಯಾಗಿ ಮೂರನೆಯವರಿಗೆ ವೋಟ್ ಹಾಕಿದಿರಂತೆ. ಯಾಕೆ? ಡಿಟೆಕ್ಟಿವ್ ಒಬ್ಬರೇ ಇರುವ ಆಟದಲ್ಲಿ ಆ ಇಬ್ಬರಲ್ಲಿ ಒಬ್ಬರಾದರೂ ಸುಳ್ಳು ಹೇಳುತ್ತಿದ್ದಾರೆ. ಹುಡುಕಾಟ ಇಬ್ಬರಿಗೆ ಇಳಿದಿದೆ. ಒಬ್ಬರನ್ನು ಹೊರಗೆ ಹಾಕಿ, ಅವರೇ ನಿಜವಾದ ಡಿಟೆಕ್ಟಿವ್ ಆಗಿದ್ದರೆ ನಾಳೆ ಇನ್ನೊಬ್ಬರು. ಆದರೆ ಅದಕ್ಕೆ ಮೊದಲು ಲೆಕ್ಕ ಹಾಕು, ನಮಗೆ ಎಷ್ಟು ತಪ್ಪು ಮಾಡಲು ಅವಕಾಶ ಇದೆ ಅಂತ. ಏಳು ಜನ, ಇಬ್ಬರು ಮಾಫಿಯಾ ಅಂದುಕೋ. ಹಗಲು ವೋಟಿನಲ್ಲಿ ಒಬ್ಬ ಅಮಾಯಕ ಹೋದರೆ ಆರು, ರಾತ್ರಿ ಮಾಫಿಯಾ ಇನ್ನೊಬ್ಬನನ್ನು ಕೊಂದರೆ ಐದು. ಆಗ ಮತ್ತೆ ತಪ್ಪಿದರೆ ಎರಡಕ್ಕೆ ಎರಡು, ಸಮ ಆದರೆ ಮಾಫಿಯಾ ಗೆದ್ದ ಹಾಗೆ, ಆಟ ಮುಗಿಯಿತು. ತಪ್ಪಲು ಇರುವುದು ಒಂದೇ ಸಲ. ನಾಲ್ಕು ಜನ ಉಳಿದು ಒಬ್ಬನೇ ಮಾಫಿಯಾ ಇದ್ದಾಗ ಸುಳಿವೇ ಇಲ್ಲದಿದ್ದರೆ ಯಾರಿಗೂ ವೋಟ್ ಹಾಕದೆ ಸ್ಕಿಪ್ ಮಾಡಿ. ರಾತ್ರಿ ಒಬ್ಬರು ಹೋಗುತ್ತಾರೆ, ಬೆಳಿಗ್ಗೆ ಮೂವರಲ್ಲಿ ಒಬ್ಬನನ್ನು ಹುಡುಕಬೇಕು. ನಾಲ್ವರಲ್ಲಿ ಹುಡುಕುವುದಕ್ಕಿಂತ ಅದು ಮೇಲು.

ಕಣ್ಣಾರೆ ಕಂಡೆ ಅನ್ನುವುದನ್ನೂ ಇನ್ನೊಂದು ಸಲ ನೋಡು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಸುಮ್ಮನಲ್ಲ. ಹೆಣದ ಪಕ್ಕ ನಿಂತವರೆಲ್ಲ ಕೊಂದವರಲ್ಲ, ರಿಪೋರ್ಟ್ ಮಾಡಲು ಓಡಿ ಬಂದವರೂ ಅಲ್ಲೇ ನಿಂತಿರುತ್ತಾರೆ.

ಇನ್ನು ನೀನೇ ಇಂಪೋಸ್ಟರ್ ಆದಾಗಿನ ವಿಷಯ. ಚೆನ್ನಾಗಿ ಸುಳ್ಳು ಹೇಳು. ಅದು ಆಟ, ಅದರಲ್ಲಿ ಪಾಪ ಇಲ್ಲ. ಆದರೆ ಆಣೆ ಮಾಡಬೇಡ. "ಅಣ್ಣ ಹೇಳ್ತಿದ್ದೀನಿ, ನನ್ನ ನಂಬು" ಅಂತ ಸಂಬಂಧವನ್ನೂ ಎಳೆದು ತರಬೇಡ. ಹಿಂದೊಮ್ಮೆ ನೀನು ಹಾಗೆ ಅಂದಿದ್ದೆ. ಚಿಕ್ಕಪ್ಪನ ಮಗಳು ನಂಬಿದಳು, ಸೋತಳು. ಆಟದಿಂದ ಹೊರಗೆ ಬಂದ ಮೇಲೂ ನೀನು ಅವಳಿಗೆ ಅಣ್ಣನೇ. ಅವತ್ತು ಅವಳು ನಂಬಿದ್ದು ಆಟಗಾರನನ್ನಲ್ಲ, ಅಣ್ಣನನ್ನು.

ಈ ಶನಿವಾರ ಬರುವುದಿಲ್ಲ ಅಂತ ನನಗೆ ಮೆಸೇಜ್ ಕಳಿಸಿದ್ದಾಳೆ. ಹೋಮ್‌ವರ್ಕ್ ಇದೆಯಂತೆ. ನೀನೇ ಫೋನ್ ಮಾಡು. ಗ್ರೂಪ್‌ನಲ್ಲಿ "ಸಾರಿ" ಅಂತ ಬರೆದು ಸುಮ್ಮನಾಗಬೇಡ.

ಫೋನ್ ಮಾಡಿದಾಗ ಒಂದು ವಿಷಯ ಕೇಳು. ಅವತ್ತು ಅವಳು ಆ ಓಣಿಗೆ ಬಂದಾಗ ನಾನು ಹಿಂದೆಯೇ ಇದ್ದೆ. ಹೆಣದ ಆಚೆ, ಎಲೆಕ್ಟ್ರಿಕಲ್ ಬಾಗಿಲಲ್ಲಿ ಒಂದು ಬಣ್ಣ ಸರ್ರನೆ ಒಳಗೆ ಹೋಗಿದ್ದು ನನಗೆ ಕಂಡಿತು. ಅವಳಿಗೂ ಕಂಡಿತು, ಅರೆಕ್ಷಣ ನಿಂತು ಅತ್ತ ತಿರುಗಿದಳು. "ಎಲೆಕ್ಟ್ರಿಕಲ್" ಅಂತ ಅವಳು ಶುರುಮಾಡಿದ್ದು ಅದಕ್ಕೇ. ಯಾವ ಬಣ್ಣ ಅಂತ ಅವಳನ್ನು ಕೇಳು.

ನಿನ್ನ ಪ್ರೀತಿಯ
ದೊಡ್ಡಮ್ಮ